ಕಾವಲು ಕೊಳವೆ

ಭೂಮಿ ನಡುಗಿದರೆ ಎಲ್ಲ ಊರಲ್ಲೂ ಜನ ಮನೆ ಬಿಟ್ಟು ಹೊರಗೆ ಓಡುತ್ತಾರೆ. ಕರಿಮಟ್ಟಿಯಲ್ಲಿ ಮಾತ್ರ ಭೂಮಿ ನಡುಗುವುದು ನಿಂತರೆ ಜನ ಓಡಿ ಬರುತ್ತಿದ್ದರು, ದುಂಡಪ್ಪನನ್ನು ಬೈಯಲು.

"ಏನಲೇ ದುಂಡ್ಯಾ, ಕಂಬ ಯಾಕ ಸುಮ್ನಾದ್ವು? ನಿದ್ದಿ ಹೊಡ್ಯಾಕತ್ತೀಯೇನ?"

"ಕರೆಂಟ ಹೋಗೇತಿ. ಅಷ್ಟ ಅವಸರ ಇದ್ರ ಬಾ, ನೀನ ಕಂಬ ಹಿಡದು ಅಳ್ಳಾಡಸು!"

ದುಂಡಪ್ಪ ಕಂಬಗಳ ಆಪರೇಟರ್. ಬೈಸಿಕೊಂಡು ಸುಮ್ಮನಿರುವ ಮನುಷ್ಯ ಅಲ್ಲ. ಆದರೆ ಬೈಯುವವರ ಸಂಕಟ ಅವನಿಗೆ ಗೊತ್ತಿತ್ತು, ಏಕೆಂದರೆ ಅವನ ಹೊಲವೂ ಅದೇ ಸಾಲಿನಲ್ಲಿ ಸರದಿ ಕಾಯುತ್ತಿತ್ತು. ಕಾಲುವೆ ಬಂದಾಗಿನಿಂದ ಕರಿಮಟ್ಟಿಯವರು ಎರೆಭೂಮಿಗೆ ಹಗಲು ರಾತ್ರಿ ನೀರು ಹರಿಸಿ ಕಬ್ಬು ಬೆಳೆದರು. ನೀರು ಕೆಳಗೆ ಇಳಿಯದೆ ಬಿಸಿಲಿಗೆ ಮೇಲೆದ್ದು ಆರಿ ಹೋಯಿತು, ತನ್ನೊಳಗಿನ ಉಪ್ಪನ್ನು ನೆಲದಲ್ಲೇ ಬಿಟ್ಟಿತು. ಬರಬರುತ್ತ ಹೊಲಗಳು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾದವು. ಹುಲ್ಲು ಕೂಡ ಹುಟ್ಟಲಿಲ್ಲ. ಯಾರನ್ನು ಬೈಯುವುದು? ನೀರು ಬಿಟ್ಟವರು ಅವರೇ.

ಹೊಲದಲ್ಲಿ ನೀರು ಕಟ್ಟಿ ನಿಲ್ಲಿಸಿ ಉಪ್ಪು ತೊಳೆಯುವ ಹಳೆಯ ಉಪಾಯವನ್ನು ಎಲ್ಲರೂ ಮಾಡಿ ನೋಡಿ ಸೋತಿದ್ದರು. ಆಗ ಬಂದದ್ದು ಈ ಕಂಬಗಳು. ನೆಲದ ಮೇಲೆ ಒಂದು ಆಳು, ನೆಲದೊಳಗೆ ಎರಡಾಳು ಉದ್ದ. ತಲೆಯ ಮೇಲೊಂದು ಮೋಟರು, ಅದರೊಳಗೆ ಒಂದೇ ಪಕ್ಕಕ್ಕೆ ಭಾರವಿರುವ ಚಕ್ರ. ಅದು ತಿರುಗಿದರೆ ಕಿವಿಗೆ ಸದ್ದಿಲ್ಲ. ಅಂಗಾಲಿಗೆ ಮಾತ್ರ ಗುಂಯ್ ಎನ್ನುತ್ತದೆ. ಹೊಲದ ಬದುವಿನ ಮೇಲೆ ತಂಬಿಗೆ ಇಟ್ಟರೆ ಒಳಗಿನ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಏಳುತ್ತವೆ.

ಕಂಬ ತಂದ ಎಂಜಿನಿಯರ್ ಸುನೀತಾ ಕಿಣಿ ಉಡುಪಿ ಕಡೆಯವಳು. ಮೊದಲ ದಿನವೇ ದುಂಡಪ್ಪನನ್ನು ಹೊಲದಲ್ಲಿ ಕೂರಿಸಿಕೊಂಡು ತಿಳಿಸಿ ಹೇಳಿದ್ದಳು:

"ಮಣ್ಣಿನ ಒಳಗೂ ಒಂದು ಊರುಂಟು ಮಾರಾಯ್ರೆ. ದೊಡ್ಡ ರಸ್ತೆ ಉಂಟು, ಮುಂದೆ ದಾರಿಯೇ ಇಲ್ಲದ ಸಂದಿಗಳೂ ಉಂಟು. ನೀವು ನೀರು ಬಿಟ್ಟರೆ ಅದು ರಸ್ತೆಯಲ್ಲಿ ಹೋಗ್ತದೆ. ಉಪ್ಪು ಸಂದಿಯಲ್ಲಿ ಕೂತಿರ್ತದೆ. ನೆಲವನ್ನು ಸಣ್ಣಗೆ ನಡುಗಿಸಿದರೆ ನೀರು ಹಿಂದೆ ಮುಂದೆ ತೂಗಾಡ್ತದೆ, ಸಂದಿಗೆ ನುಗ್ಗಿ ಹೊರಗೆ ಬರ್ತದೆ. ಬರುವಾಗ ಉಪ್ಪನ್ನು ಎಳಕೊಂಡು ಬರ್ತದೆ. ಇಪ್ಪತ್ತು ವರ್ಷದಲ್ಲಿ ಆಗದ ಕೆಲಸ ಒಂದು ಹಂಗಾಮಿನಲ್ಲಿ ಆಗ್ತದೆ."

"ಅಂದ್ರ ಅರಿವಿ ನೆನಿ ಇಡೂದಕ್ಕೂ ಜಾಲಾಡಸೂದಕ್ಕೂ ಇರೂ ಫರಕ."

"ಅಷ್ಟೇ. ನಾನು ಇದನ್ನು ಹೇಳಲಿಕ್ಕೆ ಐದು ವರ್ಷ ಓದಿದ್ದೇನೆ, ಯಾರಿಗೂ ಹೇಳಬೇಡಿ" ಎಂದು ನಕ್ಕಿದ್ದಳು.

ಹೊಲದಡಿಯ ಕೊಳವೆಗಳು ಆ ಉಪ್ಪುನೀರನ್ನು ಹಿಡಿದು ದೂರದ ಹೊಂಡಕ್ಕೆ ಒಯ್ದು ಆರಿಸುತ್ತಿದ್ದವು. ಒಂದೇ ಒಂದು ಭಯವಿತ್ತು. ನಡುಕ ತೀರ ಆಳಕ್ಕೆ ಹೋದರೆ ಉಪ್ಪು ಆ ಕೊಳವೆಗಳನ್ನೂ ದಾಟಿ ಅಡಿಯ ಗರಸಿನ, ಅಂದರೆ ಸಡಿಲ ಜಲ್ಲಿಮಣ್ಣಿನ, ಪದರಕ್ಕೆ ಇಳಿಯಬಹುದು. ಗರಸಿನಲ್ಲಿ ಹರಿದರೆ ಅದು ತಗ್ಗಿನ ಊರಾದ ಕೆಂಗನಹಾಳದ ಬಾವಿ, ಬೋರುಗಳಿಗೇ ಹೋಗುವುದು. ಅದನ್ನು ಕಾಯಲು ಎರಡೂ ಊರಿನ ಗಡಿಯಲ್ಲಿ ಕಿಣಿ ಮೇಡಂ ಒಂದು ಸಪೂರ ಬೋರು ಕೊರೆಸಿ, ಕಬ್ಬಿಣದ ಕೊಳವೆ ಇಳಿಸಿ, ಒಳಗೆ ಉಪ್ಪು ಅಳೆಯುವ ಕಡ್ಡಿ ಇಳಿಬಿಟ್ಟಿದ್ದಳು. ಅದರ ಸುದ್ದಿ ಕಂಟ್ರೋಲ್ ರೂಮಿನ ಗೋಡೆಯ ದೀಪಕ್ಕೆ ಬರುತ್ತಿತ್ತು. ನೀರು ಸಿಹಿಯಿದ್ದರೆ ಹಸಿರು. ಉಪ್ಪು ಏರಿದರೆ ಕೆಂಪು. ಕೆಂಪಾದ ಕ್ಷಣ ಎಲ್ಲ ಕಂಬ ಬಂದ್ ಮಾಡಬೇಕು. ಯಾರ ಹೊಲ ಅರ್ಧಕ್ಕೆ ನಿಂತರೂ ಸರಿ.

ದೀಪ ಹಸಿರಾಗಿಯೇ ಇತ್ತು. ಮೊದಲು ತೊಳೆದ ಹೊಲಗಳಲ್ಲಿ ಜೋಳ ಮೊಣಕಾಲು ದಾಟಿತ್ತು. ಮುಂದಿನ ಸರದಿ ದುಂಡಪ್ಪನ ಎರಡು ಎಕರೆಯದು.

*

ಕೆಂಗನಹಾಳದಲ್ಲಿ ದುಂಡಪ್ಪನ ತಂಗಿ ಕಾಶವ್ವನ ಗಂಡನ ಮನೆ. ಹಿಂದೆ ಎರಡು ಬಸಿರು ಉಳಿದಿರಲಿಲ್ಲ. ಇದು ಮೂರನೆಯದು. ಐದು ತಿಂಗಳಾದಾಗ ದುಂಡಪ್ಪನೇ ಹಸಿರು ಸೀರೆ, ಗುಳೇದಗುಡ್ಡದ ಕೆಂಪು ಖಣ ಒಯ್ದು ಕುಬಸ ಮಾಡಿ ಬಂದಿದ್ದ. ಏಳಕ್ಕೆ ತವರಿಗೆ ಕರೆದೊಯ್ಯಬೇಕಿತ್ತು. ಏಳು ತುಂಬಿತ್ತು. ಅವನು ಬಂದದ್ದು ಕರೆಯಲು ಅಲ್ಲ, ಇನ್ನಷ್ಟು ದಿನ ತಡೆ ಎಂದು ಹೇಳಲು.

ಅಡುಗೆಮನೆಯಿಂದಲೇ ಕಾಶವ್ವ ಕೂಗಿದಳು. "ಅಣ್ಣಾ, ಚಹಾ ಮತ್ತ ಒಡೀತು ನೋಡು. ಕರೇ ಚಹಾ ಕುಡೀತೀಯೇನ?"

"ಹಾಲ ಹಳೇದಿರಬೇಕು."

"ಈಗ ಹಿಂಡಿದ ಹಾಲೋ. ಬ್ಯಾಳಿನೂ ಬೇಯವಲ್ದು. ಆದ್ರ ಒಂದ ಚಲೋ ಆಗೇತಿ, ಉಪ್ಪಿನ ಖರ್ಚ ಉಳದೈತಿ. ಸಾರಿಗೆ ಹಾಕೂದ ಬಿಟ್ಟೀನಿ. ನಿನ್ನ ಮಿಷಿನ್ನಿನ ಪುಣ್ಯೆ."

ದುಂಡಪ್ಪ ನೆಲಕ್ಕೆ ಅಂಗೈ ಬಡಿದ. "ನೀನೂ ಶುರು ಮಾಡಿದ್ಯಾ? ದಿನಾ ದೀಪ ನೋಡ್ತೀನಿ ನಾನು. ಹಸರ ಐತಿ. ನಿಮ್ಮೂರ ನೀರಾಗ ಉಪ್ಪಿಲ್ಲ. ನಿಮ್ಮೂರ ಮಂದಿ ತಲ್ಯಾಗ ಐತಿ."

"ಅಯ್ಯ, ನಗಚಾಟಿಗಿ ಅಂದೆ. ನಮಗೂ ರೂಢಿ ಆಗೇತಿ ಬಿಡು, ಈಗ ಗೊತ್ತೂ ಆಗೂದಿಲ್ಲ" ಎನ್ನುತ್ತ ಅವಳು ಚಹಾದ ಲೋಟದೊಂದಿಗೆ ಹೊರಗೆ ಬಂದು ಗೋಡೆ ಹಿಡಿದು ಕೆಳಗೆ ಕುಳಿತಳು. ಪಾದಗಳು ಊದಿ ಕಾಲುಂಗುರ ಮಾಂಸದೊಳಗೆ ಹೂತಿದ್ದವು.

"ಕಾಲ ಯಾಕ ಹಂಗ ಆಗ್ಯಾವ?"

"ಬಸರಾಗ ಬಾವು ಬರ್ತೈತಂತ. ಅತ್ತಿ ಅಂದ್ರು. ತಲಿ ಒಂದ ಭಾಳ ಸಿಡೀತೈತಿ." ಸ್ವಲ್ಪ ತಡೆದು ಕೇಳಿದಳು. "ಕರಕೊಂಡ ಹೋಗಾಕ ಬಂದಿ ಹೌದಿಲ್ಲೋ?"

"ಮುಂದಿನ ವಾರ ನಮ್ಮ ಹೊಲದಾಗ ಕಂಬ ಹುಗೀತಾರ. ಅದೊಂದ ಮುಗೀಲಿ. ಮನ್ಯಾಗ ನಿನ್ನ ನೋಡ್ಕೊಳ್ಳಾಕ ಯಾರಿಗೂ ಪುರಸೊತ್ತ ಇರೂದಿಲ್ಲ."

ಕಾಶವ್ವ ಕರಿ ಚಹಾದ ಲೋಟವನ್ನು ಅವನ ಕಡೆ ಸರಿಸಿದಳು.

ಬಾಗಿಲ ಬಳಿ ನೀಲಿ ಕ್ಯಾನೊಂದು ಇತ್ತು, ತುಂಬ ತಿಳಿ ನೀರು. ಊರಿನ ಶುದ್ಧ ನೀರಿನ ಘಟಕ ಕೆಟ್ಟು ವರ್ಷವಾಗಿತ್ತು. ಯಾರೂ ರಿಪೇರಿ ಮಾಡಿರಲಿಲ್ಲ. ದುಂಡಪ್ಪ ಕ್ಯಾನಿನತ್ತ ಕೈ ಚಾಚಿದ.

"ಅದನ್ನ ಮುಟ್ಟಬ್ಯಾಡೋ! ಹೊಳಿ ನೀರದು, ಇವರು ಗಾಡಿ ಮ್ಯಾಲ ತಂದದ್ದು. ಗಂಗವ್ವಂದು. ನಾಳೆ ಸೋಮವಾರ."

"ಯಾವ ಗಂಗವ್ವ?"

"ನಮ್ಮೂರ ಗಂಗವ್ವ. ಹೊಸಾಕಿ. ಗಂಡಸರಿಗೆ ಯಾಕ ಅದೆಲ್ಲ? ನೀ ಕೊಟ್ಟ ಖಣಾನೂ ಆಕಿಗೇ ಉಡಿಸೀನಿ. ಈ ಕೂಸ ಉಳೀಲಿ, ನಮ್ಮಣ್ಣನ ದೀಪ ಹಸರ ಇರ್ಲಿ ಅಂತ ಬೇಡಿಕೊಂಡೀನಿ."

ಹೆಂಗಸರ ವ್ರತಗಳಿಗೆಲ್ಲ ತಲೆ ಕೆಡಿಸಿಕೊಳ್ಳುವ ಜಾಯಮಾನ ಅವನದಲ್ಲ. ಖಣ ಹೊಲಿಸಿಕೊಳ್ಳದೆ ಹಾಳು ಮಾಡಿದಳಲ್ಲ ಎಂದು ಮಾತ್ರ ಗೊಣಗಿ ಗಾಡಿ ಹತ್ತಿದ.

*

ಎರಡು ದಿನದ ಮೇಲೆ ಕೆಂಗನಹಾಳದ ಹತ್ತಾರು ಮಂದಿ ಕಂಟ್ರೋಲ್ ರೂಮಿಗೆ ಬಂದರು. ಹೆಸರಿಗೆ ರೂಮು, ಅಸಲು ತಗಡಿನ ಡಬ್ಬಿ. ಬಂದವರ ಮುಂದೆ ಕಾಶವ್ವನ ಅತ್ತೆ ಫಕೀರವ್ವ ನಿಂತಿದ್ದಳು, ಕೈಯಲ್ಲಿ ನೀರು ತುಂಬಿದ ತಂಬಿಗೆ.

"ಬೀಗರ, ನಿಮ್ಮ ತಂಗಿ ಮಾಡಿದ ಬ್ಯಾಳಿ ಬೇಯಂಗಿಲ್ಲ. ಆಕಿ ಕೈಗುಣ ಅಂತ ಮೊದಲ ಆಕೀನ್ನ ಬೈದೆ. ಈಗ ನಾ ಮಾಡಿದ್ರೂ ಬೇಯವಲ್ದು. ನಂದೂ ಕೈಗುಣ ಕೆಟ್ಟತೇನ? ತಗೋರಿ, ಕುಡದ ನೋಡ್ರಿ."

ದುಂಡಪ್ಪ ತಂಬಿಗೆ ಮುಟ್ಟಲಿಲ್ಲ. ಗೋಡೆಯತ್ತ ಬೆರಳು ತೋರಿಸಿದ. "ಅದು ಏನು? ಹಸರೋ ಕೆಂಪೋ? ನಿಮ್ಮ ನಾಲಿಗಿ ಮಾತ ಕೇಳಬೇಕೋ, ಲಕ್ಷಗಟ್ಟಲೆ ಹಾಕಿ ತಂದ ಮಿಷಿನ್ ಮಾತ ಕೇಳಬೇಕೋ? ನಮ್ಮ ಜ್ವಾಳ ನೋಡಿ ಹೊಟ್ಟಿ ಉರದ್ರ ಬಾಯಾಗ ಉಪ್ಪ ಬರ್ತೈತಿ!"

ಬೀಗರ ಜೊತೆ ಯಾರೂ ಹೀಗೆ ಮಾತಾಡುವುದಿಲ್ಲ. ಫಕೀರವ್ವ ತಂಬಿಗೆಯ ನೀರನ್ನು ಅವನ ಕಾಲ ಬಳಿ ಚೆಲ್ಲಿ ಹೊರಟುಹೋದಳು.

ಕಿಣಿ ಮೇಡಂ ಇದನ್ನೆಲ್ಲ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದಳು. ಜನ ಹೋದ ಮೇಲೆ ಪರದೆಯ ಮೇಲೆ ಗಡಿಯ ಕೊಳವೆಯ ಉಪ್ಪು ತೋರಿಸುವ ಗೆರೆಯೊಂದನ್ನು ತೋರಿಸಿದಳು. "ಇದೊಂದು ನನಗೆ ಅರ್ಥ ಆಗುವುದಿಲ್ಲ. ವಾರವಿಡೀ ಗೆರೆ ನಿಧಾನ ಮೇಲೆ ಏರ್ತದೆ. ಸೋಮವಾರ ಬಂದರೆ ದಡಕ್ಕನೆ ಕೆಳಗೆ. ಯಾಕೆ?"

"ಸೋಮವಾರ ಕೆಳಗಿನ ಕಾಲುವಿಗೆ ನೀರ ಬಿಡ್ತಾರಲ್ರೀ. ಆ ಸಿಹಿನೀರ ಬಸದು ಬರ್ತೈತಿ."

"ಹಾಗಿರಬಹುದು" ಎಂದಳು ಅವಳು, ಅರೆಮನಸ್ಸಿನಿಂದ. "ಆದರೂ ಒಂದು ತಿಂಗಳು ಕಂಬ ನಿಲ್ಲಿಸಿ ಆಚೆ ಕಡೆ ಇನ್ನೊಂದು ಕೊಳವೆ ಇಳಿಸಿ ನೋಡುವ."

"ಒಂದ ತಿಂಗಳಾ? ಬಿತ್ತೂ ಹೊತ್ತು ಹೋಗ್ತೈತಿ ಮೇಡಂ! ನಮ್ಮ ಹೊಲ ಎಂಟ ವರ್ಷದಿಂದ ಬೆಳ್ಳಗ ಬಿದ್ದೈತಿ. ನನ್ನ ಸರದಿ ಬಂದಾಗ ನಿಮಗ ಡೌಟ ಬಂತೇನ?"

ಅವನ ದನಿ ಏರಿತ್ತು. ದೀಪ ಹಸಿರಾಗಿತ್ತು. ನಿಲ್ಲಿಸಲು ಅವಳ ಬಳಿ ಕಾರಣವಿರಲಿಲ್ಲ, ಅನುಮಾನ ಮಾತ್ರ ಇತ್ತು. ಅನುಮಾನಕ್ಕೆ ಮೇಲಿನವರು ಸಹಿ ಹಾಕುವುದಿಲ್ಲ. ಮುಂದಿನ ವಾರ ದುಂಡಪ್ಪನ ಹೊಲದಲ್ಲಿ ಕಂಬಗಳು ನಿಂತವು.

*

ಕಂಬ ಶುರುವಾಗುವ ಹಿಂದಿನ ಭಾನುವಾರ ಕಾಶವ್ವ ಒಲೆ ಮುಂದೆ ಕುಳಿತವಳು ಹಿಂದಕ್ಕೆ ಬಿದ್ದಳು. ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತು. ಜಿಲ್ಲಾ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿ.ಪಿ. ನೋಡಿ ಗಂಡ ಗುರುಪಾದನ ಮೇಲೆ ರೇಗಿದಳು. "ಇಷ್ಟು ಏರೋವರೆಗೆ ಏನ್ ಮಾಡ್ತಿದ್ರಿ? ಉಪ್ಪಿನಕಾಯಿ, ಹಪ್ಪಳ ಬಹಳ ತಿಂತಾಳಾ?"

"ಇಲ್ರೀ, ಸಾರಿಗೂ ಉಪ್ಪ ಹಾಕೂದ ಬಿಟ್ಟಾಳ್ರೀ."

ಮಗುವನ್ನು ಆಗಲೇ ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು. ದುಂಡಪ್ಪ ಬರುವ ಹೊತ್ತಿಗೆ ಅದು ಗಾಜಿನ ಪೆಟ್ಟಿಗೆಯಲ್ಲಿತ್ತು. ಒಂದು ಅಂಗೈಯಲ್ಲಿ ಹಿಡಿಸುವಷ್ಟು. ಉಸಿರಾಡಿದಾಗಲೆಲ್ಲ ಎದೆಯ ಪಕ್ಕೆಗಳು ಒಳಗೆ ಹೋಗುತ್ತಿದ್ದವು. ಕಾಶವ್ವನಿಗೆ ಎಚ್ಚರವಿರಲಿಲ್ಲ.

"ಇಬ್ಬರದೂ ಏನೂ ಹೇಳೋಕಾಗಲ್ಲ" ಎಂದಳು ಡಾಕ್ಟರಮ್ಮ. "ತವರಿಗೆ ಕರಕೊಂಡು ಹೋಗಿರಲಿಲ್ವಾ?"

ದುಂಡಪ್ಪನಿಗೆ ಯಾರ ಮೇಲಾದರೂ ರೇಗಬೇಕೆನಿಸಿತು. ಸಿಕ್ಕವನು ಗುರುಪಾದ, ಅವನನ್ನೇ ಬೈದ. ಗುರುಪಾದ ಗೋಡೆಗೆ ತಲೆಯಿಟ್ಟು ಬೈಸಿಕೊಂಡ.

ದುಂಡಪ್ಪ ದಿನವೂ ಹಗಲು ಆಸ್ಪತ್ರೆಗೆ ಹೋಗಿ ಸಂಜೆ ಹೊಲಕ್ಕೆ ಬರುತ್ತಿದ್ದ. ಹೊಲ ಗುಂಯ್ ಎನ್ನುತ್ತಿತ್ತು. ಅಡಿಯ ಕೊಳವೆಯ ಬಾಯಿಂದ ಗಂಜಿಯಂಥ ಬಿಳಿ ನೀರು ಸುರಿಯುತ್ತಿತ್ತು. ಎಂಟು ವರ್ಷದ ಉಪ್ಪು. ತಂಗಿ ಅಲ್ಲಿ ಹಾಗೆ ಮಲಗಿರುವಾಗಲೂ ಅದನ್ನು ಕಂಡು ಅವನ ಎದೆ ಹಗುರಾಗುತ್ತಿತ್ತು. ಹಗುರಾಗಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

ಎರಡನೆಯ ಸೋಮವಾರ ಕಳೆದು ಮರುದಿನ ದೀಪ ಕೆಂಪಾಯಿತು.

*

"ಕಡ್ಡಿ ಕೆಟ್ಟಿರಬೇಕು" ಎಂದಳು ಕಿಣಿ ಮೇಡಂ. "ನೋಡಿ, ಈ ಎರಡು ಸೋಮವಾರ ಗೆರೆ ಬೀಳಲೇ ಇಲ್ಲ, ಏರುತ್ತಲೇ ಹೋಗಿದೆ. ಇಷ್ಟು ಬೇಗ ಇಷ್ಟು ಉಪ್ಪು ಬರಲಿಕ್ಕೆ ಸಾಧ್ಯವೇ ಇಲ್ಲ. ಬನ್ನಿ, ಬಂದ್ ಮಾಡುವ ಮೊದಲು ನೋಡಿಯೇ ಬರುವ."

ಕೊಳವೆ ಇಳಿಸಿದ ಮೇಲೆ ಇಬ್ಬರೂ ಅತ್ತ ಹೋಗಿರಲಿಲ್ಲ. ದಿನಾ ಗೋಡೆಯ ಮೇಲೆ ಸುದ್ದಿ ಬರುವಾಗ ಬಿಸಿಲಲ್ಲಿ ಯಾರು ನಡೆಯುತ್ತಾರೆ?

ದೂರದಿಂದ ನೋಡಿದಾಗ ಯಾರೋ ಹೆಂಗಸು ಕುಕ್ಕುರುಗಾಲಲ್ಲಿ ಕುಳಿತಂತೆ ಕಂಡಿತು. ಹತ್ತಿರ ಹೋದರೆ ಕೊಳವೆ. ಅದಕ್ಕೆ ಅರಿಸಿನ ಬಳಿದಿದ್ದರು, ಕುಂಕುಮ ಹಚ್ಚಿದ್ದರು. ಕೊರಳಿಗೆ ಹಸಿರು ಬಳೆಗಳ ಸರ. ಬುಡದಲ್ಲಿ ಒಣಗಿದ ಚೆಂಡುಹೂ, ಒಡೆದ ತೆಂಗಿನಕಾಯಿ ಚಿಪ್ಪು. ನಡುವಿಗೆ ಗುಳೇದಗುಡ್ಡದ ಕೆಂಪು ಖಣ.

ದುಂಡಪ್ಪ ನಿಂತಲ್ಲೇ ನಿಂತ.

"ಇದೇನಿದು?" ಎಂದಳು ಕಿಣಿ ಮೇಡಂ.

"ಗಂಗವ್ವ" ಎಂದ ಅವನು. "ಹೊಸಾ ಬೋರ ಕೊರದ್ರ ನಮ್ಮ ಕಡೆ ಹೆಣ್ಮಕ್ಕಳು ಹೊಳಿ ನೀರ ಹಾಕಿ ಪೂಜಿ ಮಾಡ್ತಾರ. ಬಾವಿ ಹೊಟ್ಟಿ ತುಂಬಿದ್ರ ತಮ್ಮ ಹೊಟ್ಟಿನೂ ತುಂಬತೈತಿ ಅಂತ. ಇದನ್ನೂ ಬಾವಿ ಅಂತ ತಿಳದಾರ. ಈ ಖಣ ನಾ ನನ್ನ ತಂಗಿಗೆ ಕೊಟ್ಟದ್ದು."

"ಹೊಳೆ ನೀರನ್ನು ಇದರೊಳಗೆ ಹಾಕಿದ್ದಾರಾ? ಎಷ್ಟು?"

"ನನ್ನ ತಂಗೀನ ಹಾಕತಿದ್ಲು, ವಾರಕ್ಕ ಒಂದ ಕ್ಯಾನ. ಸೋಮವಾರ."

ಅವಳು ಮುಚ್ಚಳ ತೆಗೆದಳು. ಅದಕ್ಕೆ ಬೀಗವಿರಲಿಲ್ಲ, ಹಾಕಬೇಕೆಂದು ಯಾರಿಗೂ ತೋಚಿರಲಿಲ್ಲ. ದಾರ ಕಟ್ಟಿದ ಬಾಟಲಿಯನ್ನು ತಳದವರೆಗೂ ಇಳಿಸಿ ಎತ್ತಿದಳು. ದುಂಡಪ್ಪ ಅದನ್ನು ಕಸಿದುಕೊಂಡು ಬಾಯಿಗೆ ಹಾಕಿಕೊಂಡ. ಉಗುಳಿದ. ಕಣ್ಣಲ್ಲಿ ನೀರು ಬರುವಷ್ಟು ಉಪ್ಪು.

ಕಿಣಿ ಮೇಡಂ ನೆಲದ ಮೇಲೆ ಕುಳಿತಳು. ಸೀರೆಗೆ ಮಣ್ಣಾಗುವುದನ್ನೂ ನೋಡಲಿಲ್ಲ. "ಕೆಸರು ಮೆತ್ತಿಕೊಳ್ತದೆ ಅಂತ ಕಡ್ಡಿಯನ್ನು ತಳಕ್ಕೆ ಬಿಡದೆ ಮೇಲೆ ತೂಗುಹಾಕಿದ್ದು ನಾನು. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ನಿಂತುಬಿಡ್ತದೆ. ಇಷ್ಟು ಸಪೂರ ಕೊಳವೆಗೆ ಒಂದು ಕ್ಯಾನ್ ಅಂದರೆ ಎರಡಾಳು ಎತ್ತರದ ನೀರು. ಕಡ್ಡಿ ಅಳೆದದ್ದು ನಿಮ್ಮ ತಂಗಿ ಹಾಕಿದ ನೀರನ್ನು. ನೆಲ ನಡುಗುತ್ತಿತ್ತಲ್ಲ, ವಾರವಿಡೀ ಅದು ಸ್ವಲ್ಪ ಸ್ವಲ್ಪ ಕಲಸಿಕೊಳ್ತಿತ್ತು. ಸೋಮವಾರ ಅವರು ಮತ್ತೆ ಹಾಕ್ತಿದ್ದರು. ಈ ಎರಡು ಸೋಮವಾರ ಆಸ್ಪತ್ರೆಯಲ್ಲಿದ್ದರು, ಯಾರೂ ಹಾಕಲಿಲ್ಲ. ಉಪ್ಪು ಈಗ ಬಂದದ್ದಲ್ಲ. ತಿಂಗಳುಗಳಿಂದ ಇಲ್ಲಿ ಹರೀತಾ ಉಂಟು."

"ನಾ ಕಾಲುವಿ ನೀರ ಅಂದೆ" ಎಂದ ದುಂಡಪ್ಪ.

"ನಾನು ಹೌದು ಅಂದೆ."

ಅಂಗಾಲಿನಡಿ ನೆಲ ಗುಂಯ್ ಎನ್ನುತ್ತಲೇ ಇತ್ತು. ಅವನ ಹೊಲದ ನಡುಕ ಅಲ್ಲಿಯವರೆಗೂ ಬರುತ್ತಿತ್ತು.

ದುಂಡಪ್ಪ ಕಂಟ್ರೋಲ್ ರೂಮಿಗೆ ನಡೆದ. ಒಂದೊಂದೇ ಸ್ವಿಚ್ಚು ಕೆಳಗಿಳಿಸಿದ. ತನ್ನ ಹೊಲದ್ದನ್ನು ಮೊದಲು.

ನೆಲ ತಣ್ಣಗಾದ ಗಳಿಗೆಗೇ ಜನ ಓಡಿ ಬಂದರು.

"ಏನಲೇ ದುಂಡ್ಯಾ, ಕಂಬ ಯಾಕ ಸುಮ್ನಾದ್ವು? ಕರೆಂಟ ಹೋತೇನ?"

"ಕರೆಂಟ ಐತಿ. ನಾನ ಬಂದ್ ಮಾಡೀನಿ."

"ಹುಚ್ಚ ಹಿಡದೈತೇನ? ನಿನ್ನ ಹೊಲಾನ ಅರ್ಧಕ್ಕ ನಿಂತೈತಿ!"

"ನಿಂದರ್ಲಿ. ಸ್ವಿಚ್ಚಿಗೆ ಕೈ ಹಚ್ಚಿದಾವನ ಕೈ ಮುರೀತೀನಿ." ಅವನು ಬಾಗಿಲಿಗೆ ಅಡ್ಡ ಕುಳಿತ. ಯಾರೋ ಕಾಲರ್ ಹಿಡಿದರು, ಯಾರೋ ಬಿಡಿಸಿದರು. ಅವನು ಏಳಲಿಲ್ಲ.

ಜನ ಕರಗಿದ ಮೇಲೆ ಕಿಣಿ ಮೇಡಂನನ್ನು ಕೇಳಿದ. "ಈಗ ಬಂದ್ ಆತಲ್ಲ. ಕೆಂಗನಹಾಳದ ನೀರ ಸಿಹಿ ಆಗಾಕ ಎಷ್ಟ ದಿನ?"

"ದಿನ ಅಲ್ಲ. ಉಪ್ಪು ಈಗ ಅವರ ನೆಲದ ಸಂದಿಗಳಲ್ಲಿ ಹೋಗಿ ಕೂತಿದೆ. ನಮ್ಮ ಮಕ್ಕಳ ಕಾಲಕ್ಕೂ ಪೂರ್ತಿ ಹೋಗಲಿಕ್ಕಿಲ್ಲ."

"ಅಲ್ಲಿ ಕಂಬ ಹುಗದ್ರ?"

"ಹುಗಿದರೆ ಹೊರಗೆ ಬರ್ತದೆ. ಬಂದು ಅವರಿಗಿಂತ ತಗ್ಗಿನ ಊರಿಗೆ ಹೋಗ್ತದೆ." ಅವಳು ಅವನ ಮುಖ ನೋಡಲಿಲ್ಲ. "ಮಣ್ಣಿನಿಂದ ಉಪ್ಪನ್ನು ಬಿಡಿಸಲಿಕ್ಕೆ ನನಗೆ ಬರ್ತದೆ. ಇಲ್ಲದ ಹಾಗೆ ಮಾಡಲಿಕ್ಕೆ ಬರುವುದಿಲ್ಲ."

*

ಮರುದಿನ ದುಂಡಪ್ಪ ಹೊಳೆಗೆ ಹೋದ. ತಂಗಿಯ ಮನೆಯ ನೀಲಿ ಕ್ಯಾನನ್ನೇ ತುಂಬಿಕೊಂಡು ಜಿಲ್ಲಾ ಆಸ್ಪತ್ರೆಯ ಬಸ್ಸು ಹತ್ತಿದ. ಕಾಶವ್ವನಿಗೆ ಹಿಂದಿನ ಸಂಜೆ ಎಚ್ಚರ ಬಂದಿತ್ತು. ದಾರಿಯುದ್ದಕ್ಕೂ ಬೈಗುಳ ಕೂಡಿಸಿಕೊಂಡ. ಹುಚ್ಚಿ, ಸಿಹಿನೀರು ಕಬ್ಬಿಣಕ್ಕೆ ಕುಡಿಸಿ ನೀನು ಉಪ್ಪುನೀರು ಕುಡಿದೆಯಲ್ಲ. ಆ ಕ್ಯಾನು ನೀನು ಕುಡಿದಿದ್ದರೆ ನೀನೂ ನೆಟ್ಟಗಿರುತ್ತಿದ್ದೆ, ನನ್ನ ದೀಪವೂ ನಿಜ ಹೇಳುತ್ತಿತ್ತು.

ವಾರ್ಡಿನ ಬಾಗಿಲಲ್ಲಿ ಫಕೀರವ್ವ ಕುಳಿತಿದ್ದಳು. ಅವನನ್ನು ಕಂಡು ಮುಖ ತಿರುಗಿಸಿದಳು. ದುಂಡಪ್ಪ ನಿಂತು, "ನೀರ ಖರೇನ ಉಪ್ಪ ಐತ್ರಿ" ಎಂದ. ಫಕೀರವ್ವ, "ನನಗ ಗೊತ್ತಿತ್ತು" ಎಂದಳು, ಅಷ್ಟೇ. ಮಗು ಪೆಟ್ಟಿಗೆಯಲ್ಲೇ ಇತ್ತು. ಇನ್ನೂ ಉಸಿರಾಡುತ್ತಿತ್ತು.

ಕಾಶವ್ವ ಕಣ್ಣು ತೆರೆದು ಮಲಗಿದ್ದಳು. ಮುಖದ ಬಾವು ಇಳಿದಿರಲಿಲ್ಲ. ಕ್ಯಾನನ್ನು ಕಂಡದ್ದೇ ಅವಳ ತುಟಿ ಅಲುಗಿತು.

"ಹೊಳಿ ನೀರೇನೋ? ಎರಡ ಸೋಮವಾರ ತಪ್ಪಿ ಹೋದ್ವು. ಗಂಗವ್ವ ಸಿಟ್ಟಾಗಿರ್ತಾಳ. ನಿನ್ನ ದೀಪ ಹಸರ ಐತಿಲ್ಲೋ ಅಣ್ಣಾ?"

ಕೂಡಿಸಿಕೊಂಡು ಬಂದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಲೋಟಕ್ಕೆ ನೀರು ಬಗ್ಗಿಸಿದ.

"ಇದನ್ನ ಕುಡಿ."

"ಅದು ಆಕೀದೋ. ಆಕಿಗೆ ಹಾಕಬೇಕು."

"ಕುಡೀಯಂದ್ರ ಕುಡಿಯೇ!" ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕೂಗಿದ. ಮತ್ತೆ ದನಿ ತಗ್ಗಿಸಿ, ತಂಗಿಯ ತಲೆಯನ್ನು ಎಡಗೈಯಿಂದ ಎತ್ತಿ ಹಿಡಿದು ಹೇಳಿದ. "ಕುಡಿ ತಂಗೀ. ನಿನಗಂತನ ತಂದೀನಿ."

ಅಣ್ಣನ ಮುಖ ನೋಡಿ ಕಾಶವ್ವ ಒಂದು ಗುಟುಕು ಕುಡಿದಳು. ಅದನ್ನು ಬಾಯಲ್ಲೇ ಹಿಡಿದು, ಹುಬ್ಬು ಗಂಟಿಕ್ಕಿ, ಕಷ್ಟಪಟ್ಟು ನುಂಗಿದಳು. ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದಳು.

"ಸಪ್ಪಗೈತೋ ಅಣ್ಣಾ, ಇಳೀವಲ್ದು" ಎಂದಳು. "ಒಂದ ಹರಳ ಉಪ್ಪ ಹಾಕಿ ಕೊಡೋ."